ಸದ್ದಿನ ಜೊತೆ ತಂಬೂರಿಯೂ ಹೋಯಿತೇ? ಹಳೆಯ ರೆಕಾರ್ಡುಗಳ ಹೊಸ ಪ್ರತಿಗಳನ್ನು ಅಳೆಯುವ ಬಗೆ

ಪ್ರಶ್ನೆ: ನಾನು ಗದಗ-ಬೆಟಗೇರಿಯ ನಿವೃತ್ತ ಹೈಸ್ಕೂಲ್ ಶಿಕ್ಷಕ. ತಂದೆಯವರು ಕೊಂಡಿಟ್ಟ, ನಿಮಿಷಕ್ಕೆ 78 ಸುತ್ತಿನ ವೇಗದ ಗ್ರಾಮಫೋನ್ ರೆಕಾರ್ಡುಗಳು ಮನೆಯ ಟ್ರಂಕಿನಲ್ಲಿವೆ. ಗಂಗೂಬಾಯಿ ಹಾನಗಲ್ಲರು ‘ಗಾಂಧಾರಿ, ಹುಬ್ಬಳ್ಳಿ’ ಎಂಬ ಹೆಸರಿನಲ್ಲಿ ಹಾಡಿದವು ಕೆಲವು, ಸವಾಯಿ ಗಂಧರ್ವರವು ಕೆಲವು, ಮಲ್ಲಿಕಾರ್ಜುನ ಮನಸೂರರ ಹಳೆಯವು ಒಂದೆರಡು. ಗ್ರಾಮಫೋನು ಕೆಟ್ಟು ಎಷ್ಟೋ ವರ್ಷವಾಯಿತು. ಮಗಳು ಮೊಬೈಲಿಗೆ ಸಂಗೀತದ ಆಪ್ ಹಾಕಿಕೊಟ್ಟ ಮೇಲೆ ಅದೇ ಹಾಡುಗಳನ್ನು ಹುಡುಕಿದೆ. ಒಂದೊಂದಕ್ಕೂ ಹಲವು ಪ್ರತಿಗಳು ಸಿಕ್ಕವು. ಒಂದರಲ್ಲಿ ಗಂಗೂಬಾಯಿಯವರ ದನಿ ಎಳೆಯ ಹುಡುಗಿಯದು ಎನ್ನುವಷ್ಟು ತೆಳುವಾಗಿದೆ, ರೆಕಾರ್ಡನ್ನು ವೇಗವಾಗಿ ತಿರುಗಿಸಿರಬೇಕೆಂದು ನನ್ನ ಅನುಮಾನ. ಇನ್ನೊಂದರಲ್ಲಿ ದನಿ ದಪ್ಪಗಿದೆ, ಆದರೆ ಹಾಡು ಜಗ್ಗಿದ ಹಾಗಿದೆ. ಮತ್ತೊಂದರಲ್ಲಿ ಕರಕರ ಸದ್ದು ಒಂದಿಷ್ಟೂ ಇಲ್ಲ, ಆದರೆ ತಂಬೂರಿಯೂ ಕೇಳಿಸುವುದಿಲ್ಲ. 24 ಬಿಟ್ ಇರುವುದೇ ಶ್ರೇಷ್ಠ ಎಂದು ಅಳಿಯ ಹೇಳುತ್ತಾನೆ. ಹುಬ್ಬಳ್ಳಿಯ ಅಂಗಡಿಯವರು ಹೊಸದಾಗಿ ಬಂದಿರುವ 180 ಗ್ರಾಂ ತೂಕದ ಎಲ್‌ಪಿ (ನಿಧಾನ ತಿರುಗುವ ವಿನೈಲ್ ರೆಕಾರ್ಡು) ತೆಗೆದುಕೊಳ್ಳಿ ಎನ್ನುತ್ತಾರೆ. ಈ ನಡುವೆ ಯುವ ಗಾಯಕರೊಬ್ಬರ ಹೊಸ ಆಲ್ಬಮ್ಮಿನ ಬಗ್ಗೆ ಹೊಗಳಿಕೆ ಓದಿ ಕೇಳಿದೆ. ಎಲ್ಲವೂ ಸರಿಯಾಗಿದ್ದರೂ ಏನೋ ಒಂದು ಇಲ್ಲ ಅನ್ನಿಸಿತು. ಐದು ಸಾವಿರ ರೂಪಾಯಿ ತೆಗೆದಿಟ್ಟಿದ್ದೇನೆ. ಯಾವುದನ್ನು ನಂಬಲಿ, ಯಾವುದಕ್ಕೆ ಹಣ ಹಾಕಲಿ? ಟ್ರಂಕಿನಲ್ಲಿರುವುದನ್ನು ಏನು ಮಾಡಲಿ?

ಉತ್ತರ: ಮಾಸ್ತರರೇ, ನಿಮ್ಮ ಪತ್ರದ ಪ್ರಶ್ನೆಗಳನ್ನೆಲ್ಲ ಕೂಡಿಸಿದರೆ ಕಳವಳ ಒಂದೇ: ನನ್ನ ಕಿವಿಗೆ ಬೀಳುತ್ತಿರುವುದು ಹಾಡಿದವರು ಹಾಡಿದ್ದೋ ಅಥವಾ ನಡುವೆ ಕುಳಿತ ಯಾರೋ ಮಾಡಿದ್ದೋ? ಧಾರವಾಡದಲ್ಲಿ ಹಳೆಯ ರೆಕಾರ್ಡು, ಟೇಪುಗಳನ್ನು ಡಿಜಿಟಲ್‌ಗೆ ಇಳಿಸುವುದೇ ನನ್ನ ಕಸುಬಾದ್ದರಿಂದ ಆ ನಡುವೆ ಕುಳಿತವರಲ್ಲಿ ನಾನೂ ಒಬ್ಬ. ಅಲ್ಲಿ ಏನೇನು ನಡೆಯುತ್ತದೆ ಎಂಬುದನ್ನು ಬಿಚ್ಚಿಟ್ಟರೆ ಯಾವ ಪ್ರತಿಯನ್ನು ಎಷ್ಟು ನಂಬಬೇಕು ಎಂಬುದು ನಿಮಗೇ ತಿಳಿಯುತ್ತದೆ.

ಗಂಗೂಬಾಯಿಯವರ ದನಿಯಿಂದಲೇ ಆರಂಭಿಸೋಣ. ತೆಳುವಾದ ದನಿ ಕೇಳಿ, ರೆಕಾರ್ಡನ್ನು ವೇಗವಾಗಿ ತಿರುಗಿಸಿರಬೇಕು ಎಂದು ನೀವು ಅನುಮಾನಪಟ್ಟಿದ್ದೀರಿ. ಆ ಅನುಮಾನ ಬರುವುದು ಸಹಜ, ಆದರೆ ಇಲ್ಲಿ ಅದು ನಿಮ್ಮನ್ನು ದಾರಿ ತಪ್ಪಿಸುತ್ತದೆ. 1930ರ ದಶಕದಲ್ಲಿ ಗಾಂಧಾರಿ ಎಂಬ ಹೆಸರಿನಲ್ಲಿ ರೆಕಾರ್ಡು ಕೊಟ್ಟಾಗ ಅವರಿನ್ನೂ ಇಪ್ಪತ್ತರ ಆಸುಪಾಸಿನ ಯುವತಿ. ದನಿ ನಿಜಕ್ಕೂ ಎತ್ತರದ್ದು, ತೆಳುವಾದದ್ದು. ಮುಂದೆ ಟಾನ್ಸಿಲ್ ಚಿಕಿತ್ಸೆಯಾದ ಮೇಲೆ ದನಿ ಇಳಿಯಿತು, ಗಡುಸಾಯಿತು. ನಾವೆಲ್ಲ ಬಾನುಲಿಯಲ್ಲಿ, ಬೈಠಕ್ಕುಗಳಲ್ಲಿ ಕೇಳಿ ಬೆಳೆದದ್ದು ಈ ಎರಡನೆಯ ದನಿಯನ್ನು. ಹೀಗಾಗಿ ಮೊದಲನೆಯದು ಬೇರೆ ಯಾರದೋ ಎಂಬಂತೆ ಕೇಳಿಸುತ್ತದೆ. ನಿಮಗೆ ಸಿಕ್ಕ ಎರಡನೆಯ ಪ್ರತಿ, ಅಂದರೆ ದಪ್ಪ ದನಿಯ ಜಗ್ಗಿದ ಹಾಡು, ಇದೇ ಅನುಮಾನಕ್ಕೆ ಹುಟ್ಟಿದ್ದು ಎಂದು ನನ್ನ ಊಹೆ. ನಂತರದ ದನಿಯನ್ನಷ್ಟೇ ಬಲ್ಲ ಯಾರೋ ಒಬ್ಬರು ರೆಕಾರ್ಡಿನ ವೇಗವನ್ನು ಇಳಿಸಿ ‘ಸರಿ’ ಮಾಡಿದ್ದಾರೆ. ಮನಸೂರರ ಮೊದಮೊದಲ ರೆಕಾರ್ಡುಗಳಿಗೂ ಇಂಥದೇ ಮಾತು ಬರುತ್ತದೆ. ನೀಲಕಂಠಬುವಾ ಮಿರಜಕರರ ಬಳಿ ಕಲಿತ ಗ್ವಾಲಿಯರ್ ಘರಾಣೆಯ ಹಾಡುವ ಶೈಲಿ ಅವುಗಳಲ್ಲಿ ಎದ್ದು ಕಾಣುತ್ತದೆ. ಮಂಜಿಖಾನ್, ಭುರ್ಜಿಖಾನರ ತಾಲೀಮಿನಲ್ಲಿ ಪಳಗಿದ ಜೈಪುರ-ಅತ್ರೌಲಿ ಘರಾಣೆಯ ಮನಸೂರರನ್ನು ಅಲ್ಲಿ ಹುಡುಕಿದರೆ ನಿರಾಶೆಯಾಗುತ್ತದೆ. ಆ ನಿರಾಶೆಯ ಹೊಣೆಯನ್ನು ಪ್ರತಿ ಮಾಡಿದವರ ಮೇಲೆ ಹೊರಿಸಬೇಡಿ.

ಹಾಗೆಂದು ವೇಗದ ತಪ್ಪೇ ಇಲ್ಲವೆಂದಲ್ಲ, ಧಾರಾಳವಾಗಿದೆ. 78 ಎಂಬುದು ಬಹಳ ಕಾಲ ಹೆಸರಿಗೆ ಮಾತ್ರ ಇದ್ದ ಸಂಖ್ಯೆ. 1925ರ ಸುಮಾರಿಗೆ ಮೈಕು, ಆಂಪ್ಲಿಫೈಯರ್ ಬರುವವರೆಗೆ ಗಾಯಕರು ಕಹಳೆಯ ಬಾಯಿಗೆ ಮುಖ ಕೊಟ್ಟು ಹಾಡಬೇಕಿತ್ತು; ಮುದ್ರಿಸುವ ಯಂತ್ರದ ವೇಗ ನಿಮಿಷಕ್ಕೆ 70ರಿಂದ 80ನ್ನೂ ದಾಟಿ ಹೇಗೆಂದರೆ ಹಾಗೆ ಓಡುತ್ತಿತ್ತು. ಅಬ್ದುಲ್ ಕರೀಂಖಾನರ ರೆಕಾರ್ಡುಗಳೇ ಎರಡು ಕಾಲಕ್ಕೆ ಸೇರಿದವು. 1905ರ ಆಸುಪಾಸಿನವು ಕಹಳೆಯ ಕಾಲದವು, 1930ರ ದಶಕದವು ವಿದ್ಯುತ್ ಮೈಕಿನವು. ಎರಡನ್ನೂ ಒಂದೇ ಸಿಡಿಗೆ ಹಾಕಿ ಎಲ್ಲವನ್ನೂ ಒಂದೇ ವೇಗದಲ್ಲಿ ಇಳಿಸಿದ್ದರೆ ಮೊದಲಿನವು ತಪ್ಪಾಗಿರುವ ಸಂಭವ ಹೆಚ್ಚು. ವೇಗ ಶೇಕಡಾ 6ರಷ್ಟು ಏರಿದರೆ ಶ್ರುತಿ ಹೆಚ್ಚುಕಡಿಮೆ ಅರ್ಧ ಸ್ವರ ಏರುತ್ತದೆ, ಅಂದರೆ ಪೇಟಿಯ (ಹಾರ್ಮೋನಿಯಂ) ಮೊದಲ ಕಪ್ಪು ಮನೆಯಾದ ಕಾಳಿ ಒಂದರಲ್ಲಿ ಹಾಡಿದವರು ಮುಂದಿನ ಬಿಳಿ ಮನೆಗೆ ಹೋಗುತ್ತಾರೆ. ಮೂರೂಕಾಲು ನಿಮಿಷದ ಹಾಡು ಹನ್ನೊಂದು ಸೆಕೆಂಡು ಮೊದಲೇ ಮುಗಿಯುತ್ತದೆ. ಆದ್ದರಿಂದ ಒಂದೇ ರೆಕಾರ್ಡಿನ ಎರಡು ಪ್ರತಿ ಸಿಕ್ಕರೆ ಮೊದಲು ಅವುಗಳ ಅವಧಿಯನ್ನು ಹೋಲಿಸಿ. ಅವಧಿ ಬೇರೆಯಾಗಿದ್ದು, ಆರಂಭ, ಕೊನೆಗಳನ್ನು ಕತ್ತರಿಸಿಲ್ಲವೆಂದಾದರೆ ಯಾವುದೋ ಒಂದರ ವೇಗ ತಪ್ಪಿದೆ.

ಯಾವುದು ತಪ್ಪು ಎಂದು ತಿಳಿಯಲು ದನಿಯ ಎತ್ತರವನ್ನು ಬಿಟ್ಟು ಉಳಿದದ್ದನ್ನು ಕೇಳಿ. ಉಸಿರು ಎಳೆದುಕೊಳ್ಳುವ ರೀತಿ, ವ್ಯಂಜನಗಳ ಉಚ್ಚಾರ, ಕಂಪನದ ವೇಗ, ತಬಲಾದ ಬಾಯಾ (ಎಡಗೈಯ ದೊಡ್ಡ ವಾದ್ಯ) ಗುಂಯ್ಗುಡುವ ಬಗೆ, ಇವೆಲ್ಲ ಮನುಷ್ಯನ ದೇಹಕ್ಕೂ ಚರ್ಮದ ವಾದ್ಯಕ್ಕೂ ಸೇರಿದ ಸಂಗತಿಗಳು. ವೇಗ ಇಳಿಸಿದ ಪ್ರತಿಯಲ್ಲಿ ‘ರ’ಕಾರ ಉರುಳುವುದು ತಡವಾಗುತ್ತದೆ, ಕಂಪನ ಅಲುಗಾಟವಾಗುತ್ತದೆ. ತೀರಾ ಹಳೆಯ ರೆಕಾರ್ಡುಗಳಲ್ಲಿ ಹಾಡು ಮುಗಿದ ಮೇಲೆ ಗಾಯಕಿ ತನ್ನ ಹೆಸರು ಹೇಳುವುದುಂಟು. ರೆಕಾರ್ಡು ಅಚ್ಚಾಗುತ್ತಿದ್ದುದು ಸಮುದ್ರದಾಚೆ, ಅಲ್ಲಿಯವರಿಗೆ ಲೇಬಲ್ ಅಂಟಿಸಲು ಗುರುತು ಬೇಕಿತ್ತು. ನಮ್ಮ ಕಸುಬಿನವರಿಗೆ ಅದು ದೊಡ್ಡ ಉಪಕಾರವಾಯಿತು. ಹಾಡಿನ ವೇಗದಲ್ಲಿ ಮೋಸಹೋಗುವ ಕಿವಿ ಮಾತಿನ ವೇಗದಲ್ಲಿ ಅಷ್ಟು ಸುಲಭಕ್ಕೆ ಮೋಸಹೋಗುವುದಿಲ್ಲ. ಪೇಟಿ ಇಟ್ಟುಕೊಂಡು ಷಡ್ಜ ಹಿಡಿದು ನೋಡುವವರೂ ಇದ್ದಾರೆ. ಅದು ಪೂರ್ತಿ ನಂಬುವಂಥದ್ದಲ್ಲ, ಏಕೆಂದರೆ ಅಂದಿನ ಪೇಟಿಗಳ ಶ್ರುತಿ ಇಂದಿನದಕ್ಕೆ ಹೊಂದಲೇಬೇಕೆಂದಿಲ್ಲ. ಆದರೆ ಒಂದೇ ದಿನ ಮುದ್ರಿಸಿದ ಎರಡು ಬದಿಗಳಲ್ಲಿ ಷಡ್ಜ ಅರ್ಧ ಸ್ವರದಷ್ಟು ಬೇರೆಯಾಗಿದ್ದರೆ ಮಾತ್ರ ನಾನು ಕೆಲಸ ನಿಲ್ಲಿಸಿ ಮತ್ತೆ ನೋಡುತ್ತೇನೆ.

ಇನ್ನು ಕರಕರ ಸದ್ದು. ಸದ್ದಿಲ್ಲದ ಪ್ರತಿಯೇ ಒಳ್ಳೆಯ ಪ್ರತಿ ಎಂಬ ನಂಬಿಕೆಯಷ್ಟು ಹಾನಿಯನ್ನು ಈ ಕ್ಷೇತ್ರದಲ್ಲಿ ಇನ್ನೊಂದು ಮಾಡಿಲ್ಲ. ಆ ಸದ್ದು ಬರುವುದೆಲ್ಲಿಂದ? 78ರ ರೆಕಾರ್ಡು ಬರಿಯ ಅರಗಲ್ಲ. ಅರಗಿಗೆ ಕಲ್ಲಿನ ನುಣ್ಣನೆಯ ಪುಡಿ ಬೆರೆಸಿ ಒತ್ತಿದ್ದು. ಭಾರವಾದ ಉಕ್ಕಿನ ಸೂಜಿ ಗೆರೆಯನ್ನು ಸವೆಸುವ ಮೊದಲು ಗೆರೆಯೇ ಸೂಜಿಯನ್ನು ತನ್ನ ಆಕಾರಕ್ಕೆ ತಕ್ಕಂತೆ ಉಜ್ಜಿಕೊಳ್ಳಲಿ ಎಂಬುದು ಉದ್ದೇಶ. ಹೀಗಾಗಿ ಹಿಂದೆ ಕೇಳುವ ಸುಸ್ಸೆಂಬ ಸದ್ದು ರೆಕಾರ್ಡಿನ ಮೈಯದೇ. ಟಕ್ ಟಕ್ ಎನ್ನುವ ಸದ್ದು ಬೇರೆ, ಅದು ಗೀರು, ದೂಳು, ಬಿರುಕಿನಿಂದ ಬರುತ್ತದೆ. ಟಕ್ಕುಗಳನ್ನು ತೆಗೆಯುವುದು ಈಗ ಸುಲಭ. ಒಂದೊಂದೂ ಸೆಕೆಂಡಿನ ಸಾವಿರದಲ್ಲಿ ಕೆಲವು ಭಾಗದಷ್ಟೇ ಇರುತ್ತದೆ, ಅಕ್ಕಪಕ್ಕದ ಧ್ವನಿಯಿಂದ ಆ ತೂತನ್ನು ತುಂಬಬಹುದು, ಸಂಗೀತಕ್ಕೆ ಏಟು ಬೀಳುವುದಿಲ್ಲ. ಎಡವಟ್ಟಾಗುವುದು ಸುಸ್ಸನ್ನು ತೆಗೆಯಹೊರಟಾಗ.

ಸುಸ್ಸು ತೆಗೆಯುವ ತಂತ್ರಾಂಶಕ್ಕೆ ಮೊದಲು ಮಾದರಿ ತೋರಿಸಬೇಕು: ‘ಇಲ್ಲಿ ಬರಿಯ ಸದ್ದು ಮಾತ್ರ ಇದೆ, ಇದನ್ನು ಕಲಿತುಕೋ, ಉಳಿದ ಕಡೆಯಿಂದ ಇದನ್ನು ಕಳೆ.’ ಪಾಶ್ಚಾತ್ಯ ವಾದ್ಯಮೇಳವಾದರೆ ಸಂಗೀತ ನಿಂತಾಗ ನಿಜಕ್ಕೂ ಸದ್ದು ಮಾತ್ರ ಇರುತ್ತದೆ. ನಮ್ಮಲ್ಲಿ? ಗಾಯಕರು ಸುಮ್ಮನಿದ್ದಾಗಲೂ ತಂಬೂರಿ ಮಿಡಿಯುತ್ತಲೇ ಇರುತ್ತದೆ. ಅವಸರದಲ್ಲಿ ಕೆಲಸ ಮಾಡುವವರು, ಅಥವಾ ತಾನೇ ಮಾದರಿ ಹುಡುಕುವ ಅಗ್ಗದ ತಂತ್ರಾಂಶ, ಈ ತಂಬೂರಿಯ ಎಳೆಯನ್ನೇ ಸದ್ದೆಂದು ಕಲಿತು ಹಾಡಿನುದ್ದಕ್ಕೂ ಕಳೆಯುತ್ತಾ ಹೋಗುತ್ತವೆ. ನಿಮ್ಮ ಮೂರನೆಯ ಪ್ರತಿಯಲ್ಲಿ ಆದದ್ದು ಇದೇ ಎಂದು ಅಲ್ಲಿಯ ಲಕ್ಷಣ ಹೇಳುತ್ತದೆ. ತಂಬೂರಿಯ ಜವಾರಿಯಿಂದ, ಅಂದರೆ ತಂತಿಯ ಝೇಂಕಾರದಿಂದ, ಹೊಮ್ಮುವ ಮೇಲಿನ ನಾದಗಳು ಬಹಳ ಸೂಕ್ಷ್ಮ, ಸುಸ್ಸಿನ ಮಟ್ಟಕ್ಕಿಂತ ಸ್ವಲ್ಪವೇ ಮೇಲೆ ಅಥವಾ ಅದರೊಳಗೇ ಇರುತ್ತವೆ. ಅವೇ ಮೊದಲು ಹೋಗುತ್ತವೆ. ಆಮೇಲೆ ಸ್ವರದಿಂದ ಸ್ವರಕ್ಕೆ ಜಾರುವ ಮೀಂಡಿನ ಬಾಲ ಹೋಗುತ್ತದೆ, ಆಮೇಲೆ ಉಸಿರು. ಉಳಿದ ಹಾಡು ಸುತ್ತ ಗಾಳಿಯಿಲ್ಲದ ಕೋಣೆಯಲ್ಲಿ ಹಾಡಿದಂತಿರುತ್ತದೆ. ಕಲೆ ತೆಗೆಯಲು ಹೋಗಿ ಇಳಕಲ್ ಸೀರೆಯ ಬಣ್ಣವನ್ನೇ ಒಗೆದು ತೆಗೆದ ಕೆಲಸ ಅದು.

ನಿಮ್ಮ ಕಿವಿಯಿಂದಲೇ ಇದನ್ನು ಪರೀಕ್ಷಿಸುವುದು ಹೀಗೆ. ಒಂದು ಆಲಾಪದ ತುಣುಕು ಮುಗಿಯುವ ಜಾಗಕ್ಕೆ ಹೋಗಿ. ಸ್ವರ ತಾನಾಗಿ ಕರಗುತ್ತದೆಯೋ, ಬಾಗಿಲು ಹಾಕಿದಂತೆ ತಟ್ಟನೆ ನಿಲ್ಲುತ್ತದೆಯೋ ಕೇಳಿ. ಹಾಡುವಾಗ ಸದ್ದು ಬಂದು ಹಾಡು ನಿಂತಾಗ ಸದ್ದೂ ನಿಂತರೆ ಅದು ಯಂತ್ರದ ಕೈವಾಡ. ಮೇಲಿನ ಸ್ವರಗಳ ಸುತ್ತ ಚಿಲಿಪಿಲಿಯೆಂಬ, ನೀರೊಳಗಿಂದ ಬಂದಂತಹ ಕಿರುನಾದ ಕೇಳಿಸಿದರೂ ಹಾಗೆಯೇ. ನಮ್ಮ ಭಾಗದ ಕೇಳುಗರಿಗೆ ಇನ್ನೊಂದು ಅನುಕೂಲವಿದೆ: ಮನಸೂರರು, ಬಸವರಾಜ ರಾಜಗುರುಗಳು ಹಾಡಿದ ವಚನಗಳು. ಖ್ಯಾಲಿನ ಬಂದಿಶಿನಲ್ಲಿ ಅಕ್ಷರ ಕೇಳದಿದ್ದರೆ ಅದು ಹಾಡುವ ಶೈಲಿಯೋ ಪ್ರತಿಯ ದೋಷವೋ ಹೇಳುವುದು ಕಷ್ಟ. ವಚನದ ಒಂದೊಂದು ಅಕ್ಷರವೂ ನಿಮಗೆ ಬಾಯಿಪಾಠ. ಅಲ್ಲಿ ‘ಸ’, ‘ಶ’, ‘ಚ’ಗಳ ಅಂಚು ಮಾಸಿ ‘ಸ’ ಎಂಬುದು ‘ಫ’ ಎಂದು ಕೇಳಿಸಿದರೆ, 5,000 ಹರ್ಟ್ಸ್‌ಗಿಂತ ಮೇಲಿನದ್ದನ್ನು ಯಾರೋ ಕತ್ತರಿಸಿ ಎಸೆದಿದ್ದಾರೆ. ಒಂದು ಪ್ರಕಾಶನದ ವಚನಗಳ ಪ್ರತಿ ಚೆನ್ನಾಗಿದ್ದರೆ ಅದೇ ಸರಣಿಯ ಖ್ಯಾಲುಗಳನ್ನೂ ಹೆಚ್ಚು ಧೈರ್ಯದಿಂದ ಕೊಳ್ಳಬಹುದು.

ಎರಡು ಪ್ರತಿಗಳನ್ನು ಹೋಲಿಸುವಾಗ ಒಂದು ಎಚ್ಚರ ಬೇಕು. ಎರಡರ ಧ್ವನಿಮಟ್ಟವನ್ನು ಸಮ ಮಾಡಿಕೊಳ್ಳಿ. ಕೊಂಚ ಜೋರಾಗಿರುವುದೇ ಚೆನ್ನಾಗಿದೆ ಅನ್ನಿಸುವುದು ಎಲ್ಲರ ಕಿವಿಯ ಸ್ವಭಾವ, ನನ್ನದೂ ಹಾಗೆಯೇ. ‘ಹೊಸ ರೀಮಾಸ್ಟರ್’ ಎಂಬ ಪಟ್ಟಿ ಅಂಟಿಸಿದ ಎಷ್ಟೋ ಪ್ರತಿಗಳಲ್ಲಿ ಹೊಸದೆಂದರೆ ಜೋರು ಮಾತ್ರ. ಮೆಲ್ಲಗಿನದನ್ನು ಎತ್ತಿ, ಜೋರಾದದ್ದನ್ನು ಅದುಮಿ ಎಲ್ಲವನ್ನೂ ಒಂದೇ ಮಟ್ಟಕ್ಕೆ ತಂದಿರುತ್ತಾರೆ. ಭೀಮಸೇನ ಜೋಶಿಯವರು ಮಂದ್ರದಿಂದ ತಾರ ಷಡ್ಜಕ್ಕೆ ಏರುವಾಗ ದನಿಯ ಬಲವೂ ಜೊತೆಗೇ ಏರಬೇಕು; ಏರದಿದ್ದರೆ ಅದುಮಿದ್ದಾರೆ ಎಂದರ್ಥ.

24 ಬಿಟ್ಟಿನ ವಿಷಯವನ್ನು ಬೇಗ ಮುಗಿಸುತ್ತೇನೆ. ಸಾಮಾನ್ಯ ಸಿಡಿಯ 16 ಬಿಟ್ಟಿನಲ್ಲಿ ಅತಿ ಮೆಲ್ಲಗಿನದಕ್ಕೂ ಅತಿ ಜೋರಿನದಕ್ಕೂ ಸುಮಾರು 96 ಡೆಸಿಬೆಲ್ ಅಂತರ ಹಿಡಿಸುತ್ತದೆ. 78ರ ರೆಕಾರ್ಡಿನಲ್ಲಿ ಅದರ ಅರ್ಧ ಸಿಕ್ಕರೂ ದೊಡ್ಡದು. ಇಳಿಸುವ ಕೆಲಸ ಮಾಡುವಾಗ ನಮಗೆ 24 ಬಿಟ್ ಬೇಕು, ಮುಂದೆ ಲೆಕ್ಕಾಚಾರ ಮಾಡುವಾಗ ಉಸಿರಾಡಲು ಜಾಗವಿರುತ್ತದೆ. ಕೇಳುವವರಿಗೆ ಅದರಿಂದ ಲಾಭವಿಲ್ಲ. ನಿಮ್ಮ ಅಳಿಯನಿಗೆ ಕುತೂಹಲವಿದ್ದರೆ ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಆ ಕಡತವನ್ನು ತೆರೆದು ಅದರ ಸ್ಪೆಕ್ಟ್ರೋಗ್ರಾಂ (ಯಾವ ಎತ್ತರದ ನಾದ ಎಷ್ಟಿದೆ ಎಂದು ತೋರಿಸುವ ಚಿತ್ರ) ನೋಡಲಿ. 16,000 ಹರ್ಟ್ಸ್ ಬಳಿ ಚಾಕುವಿನಿಂದ ಕೊಯ್ದಂತೆ ಎಲ್ಲ ನಿಂತು ಮೇಲೆ ಕಪ್ಪಾಗಿದ್ದರೆ, ಅದು ಕಡಿಮೆ ದರ್ಜೆಯ ಎಂಪಿ3 ಕಡತವನ್ನು ದೊಡ್ಡ ಡಬ್ಬಿಗೆ ಸುರಿದು ಮಾರುತ್ತಿರುವುದಾಗಿರಬಹುದು. ಇಂಥವು ‘ಹೈ ರೆಸಲ್ಯೂಷನ್’ ಹೆಸರಿನಲ್ಲಿ ನನ್ನ ಕೈಗೆ ಬಂದಿವೆ.

ಎಲ್‌ಪಿಯ ಬಗ್ಗೆ ಅಂಗಡಿಯವರು ಹೇಳಿದ್ದು ಸುಳ್ಳಲ್ಲ, ಆದರೆ ಅರ್ಧ ಮಾತ್ರ. 180 ಗ್ರಾಂ ಎಂದರೆ ತಟ್ಟೆ ದಪ್ಪ, ಸುಲಭಕ್ಕೆ ಸೊಟ್ಟಗಾಗುವುದಿಲ್ಲ, ಅಷ್ಟೇ. ಗೆರೆಯೊಳಗೆ ಏನು ಬರೆದಿದ್ದಾರೆ ಎಂಬುದಕ್ಕೂ ತೂಕಕ್ಕೂ ಸಂಬಂಧವಿಲ್ಲ. ಈಗಿನ ಬಹಳಷ್ಟು ಎಲ್‌ಪಿಗಳನ್ನು ಕೊರೆಯುವುದೇ ಡಿಜಿಟಲ್ ಕಡತದಿಂದ. ಆ ಕಡತ ತೊಳೆದು ಸಪ್ಪೆ ಮಾಡಿದ್ದಾಗಿದ್ದರೆ ಎಲ್‌ಪಿಯೂ ಸಪ್ಪೆ. ಇದರ ಮೇಲೆ ಎಲ್‌ಪಿಗೆ ಹುಟ್ಟಿನಿಂದಲೇ ಒಂದು ತೊಂದರೆಯಿದೆ, ಅದು ನಮ್ಮ ಸಂಗೀತಕ್ಕೆ ಸರಿಯಾಗಿ ಅಡ್ಡ ಬರುತ್ತದೆ. ತಟ್ಟೆ ನಿಮಿಷಕ್ಕೆ ಮೂವತ್ತಮೂರೂಕಾಲು ಚಿಲ್ಲರೆ ಸುತ್ತು ತಿರುಗುವಾಗ ಹೊರ ಅಂಚಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೆರೆ ಓಡುತ್ತದೆ, ಒಳ ತುದಿಗೆ ಬರುವಷ್ಟರಲ್ಲಿ ಸುಮಾರು 21 ಮಾತ್ರ. ಅಷ್ಟು ಚಿಕ್ಕ ಜಾಗದಲ್ಲಿ ಅಷ್ಟೇ ವಿವರ ತುರುಕಬೇಕಾದ್ದರಿಂದ ಬದಿಯ ಕೊನೆಗೆ ಧ್ವನಿ ಕಲಕುತ್ತದೆ. ಖ್ಯಾಲಿನಲ್ಲಿ ಬದಿಯ ಕೊನೆಗೆ ಬರುವುದೇನು? ದ್ರುತ ಲಯ, ತಾರ ಸಪ್ತಕ, ಬೀಸು ತಾನುಗಳು. ಎಲ್ಲಿ ಹೆಚ್ಚು ಸ್ಪಷ್ಟತೆ ಬೇಕೋ ಅಲ್ಲೇ ಕಡಿಮೆ. ಒಳ್ಳೆಯ ಸೂಜಿ, ಸರಿಯಾಗಿ ಹೊಂದಿಸಿದ ತೋಳು ಇದ್ದರೆ ಇದನ್ನು ಬಹುಮಟ್ಟಿಗೆ ತಡೆಯಬಹುದು. ಸೂಟ್‌ಕೇಸ್ ಆಕಾರದ ಅಗ್ಗದ ಪ್ಲೇಯರಿನಲ್ಲಿ ಸಾಧ್ಯವಿಲ್ಲ. ನಿಮ್ಮ ಬಳಿ ಪ್ಲೇಯರೇ ಇಲ್ಲವಾದ್ದರಿಂದ ಈ ಬಜೆಟ್ಟಿನಲ್ಲಿ ಎಲ್‌ಪಿ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ.

ಹಳೆಯ ಎಲ್‌ಪಿ ಸಿಕ್ಕರೆ ಹೇಗೆ ಎಂದು ಮುಂದೆ ಕೇಳುತ್ತೀರಿ, ಗೊತ್ತು. ಒಳ್ಳೆಯ ಸ್ಥಿತಿಯ ಹಳೆಯ ಮಾನೋ (ಎಡ-ಬಲ ಭೇದವಿಲ್ಲದ) ಎಲ್‌ಪಿ ಬಂಗಾರ. ಆದರೆ ಮಾನೋ ಮುದ್ರಣವನ್ನು ಎರಡಾಗಿ ಸೀಳಿ, ಕೆಳಗಿನ ನಾದ ಒಂದು ಕಡೆ ಮೇಲಿನದು ಇನ್ನೊಂದು ಕಡೆ ತಳ್ಳಿ ‘ಸ್ಟೀರಿಯೋ’ ಎಂದು ಮಾರಿದ ಕಾಲವೊಂದಿತ್ತು. ತಬಲಾದ ಬಾಯಾ ಎಡಕ್ಕೆ, ಅದೇ ತಬಲಾದ ಚಾಟಿ (ಅಂಚಿನ ಚುರುಕು ಸದ್ದು) ಬಲಕ್ಕೆ ಕೇಳಿಸಿದರೆ ಅದನ್ನು ಅಲ್ಲಿಯೇ ಬಿಟ್ಟು ಬನ್ನಿ.

ಒಂದೇ ಹಾಡಿಗೆ ಇಷ್ಟೊಂದು ಪ್ರತಿಗಳು ಏಕೆ? ಭಾರತದಲ್ಲಿ ಧ್ವನಿಮುದ್ರಣದ ಹಕ್ಕುಸ್ವಾಮ್ಯ ಅದು ಪ್ರಕಟವಾದ ಮರುವರ್ಷದಿಂದ 60 ವರ್ಷ. 1930ರ ದಶಕದ ರೆಕಾರ್ಡುಗಳ ಅವಧಿ ಎಂದೋ ಮುಗಿದಿದೆ. ಯಾರು ಬೇಕಾದರೂ ಹೊರತರಬಹುದು, ತರುತ್ತಿದ್ದಾರೆ. ಇದರಿಂದ ಶ್ರದ್ಧೆಯುಳ್ಳ ಸಂಗ್ರಾಹಕರಿಗೂ ದಾರಿ ತೆರೆಯಿತು, ಎಲ್ಲೋ ಸಿಕ್ಕ ಕಡತಕ್ಕೆ ಹೊಸ ಮುಖಪುಟ ಅಂಟಿಸುವವರಿಗೂ. ಎರಡು ಬೇರೆ ಹೆಸರಿನ ಪ್ರತಿಗಳು ನಿಜಕ್ಕೂ ಬೇರೆಯೇ ಎಂದು ತಿಳಿಯಲು ನಾವು ಟಕ್ಕುಗಳನ್ನು ಗುರುತಿಸುತ್ತೇವೆ. ಒಂದೇ ಅಕ್ಷರದ ಮೇಲೆ, ಒಂದೇ ಬಗೆಯ ಟಕ್ ಎರಡರಲ್ಲೂ ಬಂದರೆ ಎರಡೂ ಒಂದೇ ತಟ್ಟೆಯಿಂದ ಇಳಿದವು. ಹೆಚ್ಚು ಬೆಲೆಯದನ್ನು ಕೊಳ್ಳುವ ಕಾರಣವಿಲ್ಲ. ಬೇರೆ ತಟ್ಟೆಯಿಂದ ಇಳಿಸಿದ್ದಾದರೆ ಅದಕ್ಕೆ ಬೆಲೆಯಿದೆ. ಉಕ್ಕಿನ ಸೂಜಿ ತಾರ ಷಡ್ಜದಂತಹ ಜೋರಾದ ಜಾಗಗಳಲ್ಲೇ ಗೆರೆಯನ್ನು ಹೆಚ್ಚು ಕಡಿದಿರುತ್ತದೆ, ಅಲ್ಲಿ ದನಿ ಒಡೆದು ಬರುತ್ತದೆ. ಯಾವ ತಂತ್ರಾಂಶವೂ ಅದನ್ನು ಪೂರ್ತಿ ಕೂಡಿಸಲಾರದು. ಕಡಿಮೆ ಬಾರಿಸಿದ ಇನ್ನೊಂದು ತಟ್ಟೆ ಹುಡುಕುವುದೇ ಉಪಾಯ. ಈ ಹುಡುಕಾಟಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಅದನ್ನು ಮಾಡಿದವರು ಸಾಮಾನ್ಯವಾಗಿ ಜೊತೆಯ ಪುಸ್ತಿಕೆಯಲ್ಲಿ ರೆಕಾರ್ಡಿನ ಸಂಖ್ಯೆ, ಅರಗಿನಲ್ಲಿ ಕೊರೆದ ಮ್ಯಾಟ್ರಿಕ್ಸ್ ಸಂಖ್ಯೆ, ವರ್ಷ, ಯಾರ ಸಂಗ್ರಹ ಎಂಬುದನ್ನು ಬರೆಯುತ್ತಾರೆ. ಈ ವಿವರವಿಲ್ಲದ, ‘ಅಪರೂಪದ ರತ್ನಗಳು’ ಎಂಬಂಥ ಹೆಸರು ಮಾತ್ರ ಇರುವ ಪ್ರತಿಗೆ ನಾನು ದುಡ್ಡು ಕೊಡುವುದಿಲ್ಲ. ವಿಮರ್ಶೆ ಬರೆಯುವವರಿಗೂ ಇದೇ ಅಳತೆ: ಮೂಲ ಯಾವುದು, ಹಿಂದಿನ ಪ್ರತಿಗಿಂತ ಏನು ಬೇರೆ ಎಂದು ಹೇಳದೆ ‘ಭಾವಪೂರ್ಣ, ಮಧುರ’ ಎಂದು ಬರೆದದ್ದು ಹೊಸ ಪ್ರತಿಯ ವಿಮರ್ಶೆಯೇ ಅಲ್ಲ. ಮನಸೂರರು ಮಧುರವಾಗಿ ಹಾಡುತ್ತಿದ್ದರೆಂಬುದು ನಮಗೆ ಗೊತ್ತಿದೆ.

ರಾಗದ ಹೆಸರುಗಳನ್ನೂ ಕಣ್ಣು ಮುಚ್ಚಿ ನಂಬಬೇಡಿ. ಆಪ್‌ಗಳಲ್ಲಿ ಹೆಸರು ತುಂಬುವವರಿಗೆ ಸಂಪೂರ್ಣ ಮಾಲಕಂಸಕ್ಕೂ ಮಾಲಕಂಸಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಒಂದರಲ್ಲಿ ರಿಷಭ, ಪಂಚಮಗಳಿವೆ, ಇನ್ನೊಂದರಲ್ಲಿ ಇಲ್ಲ. ಜೈಪುರ-ಅತ್ರೌಲಿಯವರ ಜೋಡುರಾಗಗಳಲ್ಲಂತೂ ಅರ್ಧ ಹೆಸರು ಉಳಿದು ಇನ್ನರ್ಧ ಹಾರಿಹೋಗುವುದು ಮಾಮೂಲು. ಹೆಸರು ನೋಡಿ ‘ಇದು ನನ್ನ ಬಳಿ ಇದೆ’ ಎಂದು ಬಿಟ್ಟುಬಿಟ್ಟರೆ ನಷ್ಟ ನಿಮ್ಮದೇ.

ನೀವು ಕೇಳದಿದ್ದರೂ ಬಾನುಲಿ ಮುದ್ರಣಗಳ ಬಗ್ಗೆ ಎರಡು ಮಾತು. ಧಾರವಾಡ ಆಕಾಶವಾಣಿ ಶುರುವಾದದ್ದು 1950ರಲ್ಲಿ; ಮನಸೂರರು ಅಲ್ಲಿ ಸಂಗೀತ ಸಲಹೆಗಾರರೂ ಆಗಿದ್ದರು. ಬಾನುಲಿಯ ಟೇಪುಗಳಲ್ಲಿ ಗಾಯಕರಿಗೆ ಮೂರು ನಿಮಿಷದ ಕತ್ತರಿಯಿಲ್ಲ, ರಾಗ ಬೆಳೆಯಲು ಹೊತ್ತು ಸಿಗುತ್ತದೆ. ನಿಲಯದ ಮೂಲ ಟೇಪಿನಿಂದ ಬಂದ ಪ್ರತಿ ಬೇರೆ, ಮನೆಯಲ್ಲಿ ರೇಡಿಯೋದ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಹಿಡಿದದ್ದು ಬೇರೆ. ಎರಡನೆಯದು ಮಂಕಾಗಿದ್ದರೆ ಬೈಯಬಾರದು, ಮೀಡಿಯಂ ವೇವ್ ಹೊತ್ತು ತರುವುದೇ ಅಷ್ಟು. ಹಾಡು ಶುರುವಾಗುವ ಒಂದು ಕ್ಷಣ ಮೊದಲು ಅದೇ ಸ್ವರ ಮೆಲ್ಲಗೆ, ದೆವ್ವದಂತೆ ಕೇಳಿಸಿದರೆ ಹೆದರಬೇಡಿ. ಸುರುಳಿ ಸುತ್ತಿಟ್ಟ ಟೇಪಿನಲ್ಲಿ ಒಂದು ಪದರದ ಕಾಂತಗುಣ ಪಕ್ಕದ ಪದರಕ್ಕೆ ಇಳಿದಿರುತ್ತದೆ. ಇಂಥ ಟೇಪುಗಳಲ್ಲಿ ಗುಂಯ್ ಎನ್ನುವ ವಿದ್ಯುತ್ ಸದ್ದು ಇದ್ದರೆ ನನಗೆ ಒಳಗೊಳಗೇ ಸಂತೋಷ. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು. ಆ ಗುಂಯ್ 53ರಲ್ಲಿ ಕೇಳಿಸಿದರೆ ಟೇಪು ವೇಗವಾಗಿ ಓಡಿದೆ ಎಂದು ಲೆಕ್ಕ ಸಿಗುತ್ತದೆ. ಮೊದಲೇ ‘ಸ್ವಚ್ಛ’ ಮಾಡಿದ ಪ್ರತಿಯಲ್ಲಿ ಈ ಸಾಕ್ಷಿಯೂ ಅಳಿಸಿಹೋಗಿರುತ್ತದೆ.

ಈಗ ಯುವ ಗಾಯಕರ ಆಲ್ಬಮ್ಮು. ಏನೋ ಒಂದು ಇಲ್ಲ ಎಂದಿರಿ. ನಾನು ಆ ಆಲ್ಬಮ್ಮನ್ನು ಕೇಳಿಲ್ಲ, ಆದ್ದರಿಂದ ಅವರ ಮೇಲೆ ಏನನ್ನೂ ಹೊರಿಸುತ್ತಿಲ್ಲ. ಹೊಸ ಮುದ್ರಣಗಳಲ್ಲಿ ಸಾಮಾನ್ಯವಾಗಿ ಏನು ಕಾಣೆಯಾಗುತ್ತದೆ ಎಂಬುದನ್ನಷ್ಟೇ ಹೇಳುತ್ತೇನೆ. ಮೊದಲನೆಯದು, ಒಟ್ಟಿಗೆ ಕೂರುವುದು. ಗಾಯಕರು ಒಂದು ದಿನ, ತಬಲಾ ಇನ್ನೊಂದು ದಿನ, ಪೇಟಿ ಮತ್ತೊಂದು ಊರಿನಲ್ಲಿ ಮುದ್ರಣವಾದರೆ ಸಮ್ (ತಾಳದ ಮೊದಲ ಪೆಟ್ಟು) ತಪ್ಪುವುದಿಲ್ಲ, ಆದರೆ ಸಮ್‌ಗೆ ಬರುವಾಗ ತಬಲಿಗ ಕಾಯುವುದಿಲ್ಲ, ಗಾಯಕ ಕೆಣಕುವುದಿಲ್ಲ. ಪೇಟಿಯವರು ಗಾಯಕನ ಹೊಸ ತಿರುವಿಗೆ ಅರೆಗಳಿಗೆ ತಡವರಿಸಿ ಹಿಂಬಾಲಿಸುವುದು ಜೀವಂತ ಸಾಥಿನ ಗುರುತು. ಪೇಟಿ ಎಲ್ಲಿಯೂ ತಡವರಿಸದಿದ್ದರೆ ಅವರಿಗೆ ಹಾಡು ಮೊದಲೇ ಗೊತ್ತಿತ್ತು ಎಂದರ್ಥ. ಎರಡನೆಯದು ಶ್ರುತಿ ತಿದ್ದುವ ತಂತ್ರಾಂಶ. ಅದು ಸ್ವರವನ್ನು ಹನ್ನೆರಡು ಮನೆಗಳ ನಡುಮಧ್ಯಕ್ಕೆ ಎಳೆಯುತ್ತದೆ. ದರಬಾರಿಯ ಗಾಂಧಾರ ಯಾವ ಮನೆಯಲ್ಲೂ ನಿಲ್ಲುವುದಿಲ್ಲ, ಕೆಳಗೆ ತೂಗುತ್ತಿರುತ್ತದೆ. ಆ ತೂಗು ಮೆಟ್ಟಿಲು ಮೆಟ್ಟಿಲಾಗಿ ಕೇಳಿಸಿದರೆ ಅಥವಾ ಪ್ರತಿ ಸಲವೂ ಅಚ್ಚು ಹಾಕಿದಂತೆ ಒಂದೇ ಜಾಗದಲ್ಲಿ ನಿಂತರೆ ತಿದ್ದಿದ್ದಾರೆಂದು ಅನುಮಾನಿಸಬಹುದು. ಹೊಸ ಗಾಯಕರನ್ನು ಅಳೆಯಬೇಕಾದರೆ ಸ್ಟುಡಿಯೋ ಆಲ್ಬಮ್ಮಿಗಿಂತ ಸಭೆಯ ಮುದ್ರಣ ಹುಡುಕಿ. ಇನ್ನೂ ಒಳ್ಳೆಯದು, ಕುಂದಗೋಳದಲ್ಲೋ ಹುಬ್ಬಳ್ಳಿಯಲ್ಲೋ ಅವರು ಹಾಡುವಾಗ ಹೋಗಿ ಕುಳಿತುಕೊಳ್ಳಿ. ನಿಮ್ಮ ಗದಗದ ವೀರೇಶ್ವರ ಪುಣ್ಯಾಶ್ರಮದಲ್ಲಿ ಹುಡುಗರು ಹಾಡುವುದನ್ನು ಕೇಳಿದ ಕಿವಿಗೆ ತಿದ್ದಿದ ಸ್ವರ ಬೇಗ ಸಿಕ್ಕಿಬೀಳುತ್ತದೆ.

ಐದು ಸಾವಿರವನ್ನು ಏನು ಮಾಡಬೇಕು? ಒಂದು ದಾರಿ, ಆಪ್‌ನಲ್ಲೇ ಕೇಳುತ್ತಾ ಒಳ್ಳೆಯ ಪ್ರತಿಗಳನ್ನು ಆರಿಸಿಕೊಳ್ಳುವುದು. ಖರ್ಚು ಕಡಿಮೆ, ಆದರೆ ಇಂದು ಇರುವ ಪ್ರತಿ ನಾಳೆ ಮಾಯವಾಗಬಹುದು, ಅದರ ಜಾಗಕ್ಕೆ ತೊಳೆದ ಪ್ರತಿ ಬಂದು ಕೂರಬಹುದು. ಇನ್ನೊಂದು, ಪುಸ್ತಿಕೆ ಸಮೇತ ಇರುವ ಹಳೆಯ ಸಿಡಿಗಳನ್ನು ಕೊಳ್ಳುವುದು. ಸದ್ದು ತೆಗೆಯುವ ಹುಚ್ಚು ಹಬ್ಬುವ ಮೊದಲು ಬಂದ ಸಿಡಿಗಳಲ್ಲಿ ಸುಸ್ಸು ಇರುತ್ತದೆ, ತಂಬೂರಿಯೂ ಇರುತ್ತದೆ. ಹಳೆಯ ಸಿಡಿಯನ್ನು ಬೆಳಕಿಗೆ ಹಿಡಿದು ನೋಡಿ. ಸೂಜಿಮೊನೆಯಷ್ಟು ತೂತುಗಳಿದ್ದರೆ, ಅಂಚಿನಲ್ಲಿ ಕಂದು ಬಣ್ಣ ತಿರುಗಿದ್ದರೆ ಬೇಡ. ಕೊಂಡ ದಿನವೇ ಕಂಪ್ಯೂಟರಿಗೆ ಪ್ರತಿ ಮಾಡಿಟ್ಟುಕೊಳ್ಳಿ. ಮೂರನೆಯದು ನಿಮ್ಮ ಟ್ರಂಕಿನ ರೆಕಾರ್ಡುಗಳನ್ನೇ ಇಳಿಸಿಕೊಳ್ಳುವುದು. ನಾನಾದರೆ ಮೂರರಲ್ಲಿ ಎರಡು ಪಾಲು ಹಣವನ್ನು ಇದಕ್ಕೇ ಇಡುತ್ತೇನೆ, ಉಳಿದದ್ದಕ್ಕೆ ಸಿಡಿ. ಇದು ನನ್ನದೇ ಕಸುಬಾದ್ದರಿಂದ ಈ ಸಲಹೆಯನ್ನು ಸ್ವಲ್ಪ ಅನುಮಾನದಿಂದಲೇ ತೆಗೆದುಕೊಳ್ಳಿ, ಕೆಲಸವನ್ನು ಬೇರೆ ಯಾರಿಂದಲಾದರೂ ಮಾಡಿಸಿ. ಆದರೆ ಒಪ್ಪಿಸುವ ಮೊದಲು ಮೂರು ಪ್ರಶ್ನೆ ಕೇಳಿ. 78ಕ್ಕೆ ಬೇರೆ ಸೂಜಿ ಇದೆಯೇ? ಅದರ ಗೆರೆ ಎಲ್‌ಪಿಯ ಗೆರೆಗಿಂತ ಮೂರು ಪಟ್ಟು ಅಗಲ. ಎಲ್‌ಪಿ ಸೂಜಿ ತಳಕ್ಕೆ ಇಳಿದು ಕಸವನ್ನು ಕೆರೆಯುತ್ತದೆ. ಈಕ್ವಲೈಸೇಶನ್, ಅಂದರೆ ಮೇಲಿನ-ಕೆಳಗಿನ ನಾದಗಳ ಬಲ ಹೊಂದಿಸುವ ಅಳತೆ, ಯಾವುದು ಹಾಕುತ್ತೀರಿ? ಈಗಿನ ಯಂತ್ರಗಳಲ್ಲಿ ಇರುವುದು 1954ರಲ್ಲಿ ಎಲ್‌ಪಿಗಾಗಿ ನೆಲೆಗೊಂಡ ಅಳತೆ, ಹಳೆಯ ರೆಕಾರ್ಡಿಗೆ ಅದನ್ನೇ ಹಾಕಿದರೆ ದನಿ ಮುಸುಕು ಹೊದ್ದಂತಾಗುತ್ತದೆ. ಏನನ್ನೂ ತೆಗೆಯದ ಹಸಿ ಪ್ರತಿಯನ್ನು ಬೇರೆಯಾಗಿ ಕೊಡುತ್ತೀರಾ? ಮೂರನೆಯದಕ್ಕೆ ಇಲ್ಲ ಎಂದವರಿಗೆ ರೆಕಾರ್ಡು ಕೊಡಬೇಡಿ. ಇಂದಿನ ತಂತ್ರಾಂಶ ಕಳೆದದ್ದನ್ನು ಮುಂದಿನ ತಂತ್ರಾಂಶ ಮರಳಿ ತರಲಾರದು.

ಅಲ್ಲಿಯವರೆಗೆ ರೆಕಾರ್ಡುಗಳನ್ನು ಟ್ರಂಕಿನಲ್ಲಿ ಒಂದರ ಮೇಲೊಂದು ಮಲಗಿಸಿಡಬೇಡಿ, ಪುಸ್ತಕದಂತೆ ನಿಲ್ಲಿಸಿ. ಬೂಷ್ಟು ಹಿಡಿದಿದ್ದರೆ ಯಾರಾದರೂ ಸ್ಪಿರಿಟ್ ಹಚ್ಚಿ ಒರೆಸಿ ಎನ್ನುತ್ತಾರೆ, ಖಂಡಿತ ಕೂಡದು. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ, ಜೊತೆಗೆ ಹಾಡೂ ಹೋಗುತ್ತದೆ. ಭಟ್ಟಿ ಇಳಿಸಿದ ನೀರು, ಮೆತ್ತನೆಯ ಬಟ್ಟೆ ಸಾಕು, ಲೇಬಲ್ ನೆನೆಯದಂತೆ ಗೆರೆಯ ದಿಕ್ಕಿನಲ್ಲೇ ಒರೆಸಿ. ಕೆಟ್ಟ ಗ್ರಾಮಫೋನನ್ನು ರಿಪೇರಿ ಮಾಡಿಸಿದರೂ ಈ ರೆಕಾರ್ಡುಗಳನ್ನು ಅದರ ಮೇಲೆ ಹಾಕಬೇಡಿ, ಇಳಿಸಿದ ಮೇಲೆ ಬೇಕಾದರೆ ನೋಡೋಣ. ಕೊರಿಯರಿನಲ್ಲಿ ಕಳಿಸುವ ಯೋಚನೆ ಬೇಡ, ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಒಯ್ಯುವುದೇ ಸುರಕ್ಷಿತ. ಹೊರಡುವ ಮೊದಲು ಪ್ರತಿ ರೆಕಾರ್ಡಿನ ಲೇಬಲ್ಲಿನ ಮೇಲಿರುವ ಸಂಖ್ಯೆ ಮತ್ತು ಲೇಬಲ್ಲಿನ ಅಂಚಿಗೆ ಅರಗಿನಲ್ಲಿ ಕೊರೆದ ಸಂಖ್ಯೆ ಎರಡನ್ನೂ ಬರೆದು, ಇಳಿಸುವವರಿಗೆ ಮೊದಲೇ ಕಳುಹಿಸಿ. ಅದೇ ರೆಕಾರ್ಡಿನ ಒಳ್ಳೆಯ ಪ್ರತಿ ಈಗಾಗಲೇ ಬಂದಿದ್ದರೆ ಅದನ್ನು ಬಿಟ್ಟು, ಎಲ್ಲೂ ಸಿಗದ ರೆಕಾರ್ಡುಗಳಿಂದ ಕೆಲಸ ಶುರುಮಾಡಬಹುದು.